ಆಫೀಸ್ ಕಂಪ್ಯೂಟರ್‌ಗೆ ಯಾವ ಬೋರ್ಡ್, ಯಾವ ಪ್ರೊಸೆಸರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಚೇರಿ, ಅಂಗಡಿ, ಗಿರಣಿಗಳ ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಕಟ್ಟಿಸುವವರಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯದ ಪತ್ರಗಳಿಗೆ ಒಂದೇ ಉತ್ತರ ಕೊಟ್ಟಿದ್ದೇವೆ. ಇಲ್ಲಿ ‘ಬೋರ್ಡ್’ ಅಂದರೆ ಪ್ರೊಸೆಸರ್, ರ‍್ಯಾಮ್ ಎಲ್ಲ ಕೂರುವ ಮದರ್‌ಬೋರ್ಡ್.

ಪ್ರಶ್ನೆ: ನಮ್ಮದು ಚಿಕ್ಕ ತೆರಿಗೆ ಸಲಹಾ ಕಚೇರಿ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಪಿಡಿಎಫ್, ಇಷ್ಟೇ ಕೆಲಸ. ಮೂರು ಕಂಪ್ಯೂಟರ್ ಬೇಕು. ಅಂಗಡಿಯವರು ಎರಡು ಕೊಟೇಶನ್ ಕೊಟ್ಟಿದ್ದಾರೆ. ಒಂದರಲ್ಲಿ ‘ಐ5 ಪ್ರೊಸೆಸರ್, ಹೊಸ ಎಚ್61 ಬೋರ್ಡ್’ ಎಂದಿದೆ, ಇನ್ನೊಂದರಲ್ಲಿ ‘ಐ3 12100, ಎಚ್610 ಬೋರ್ಡ್’. ಐ5 ಇರುವುದೇ ತುಂಬ ಅಗ್ಗ. ಅದನ್ನೇ ತಗೊಳ್ಳಬಹುದಾ? (ತೀರ್ಥಹಳ್ಳಿ)

ಉತ್ತರ: ಬೇಡ. ದಯವಿಟ್ಟು ಎರಡನೆಯದನ್ನೇ ತೆಗೆದುಕೊಳ್ಳಿ.

61 ಮತ್ತು 610, ಹೆಸರಿನಲ್ಲಿ ಒಂದು ಸೊನ್ನೆಯ ವ್ಯತ್ಯಾಸ. ಆದರೆ ಎರಡರ ನಡುವೆ ಸುಮಾರು ಹನ್ನೊಂದು ವರ್ಷಗಳ ಅಂತರವಿದೆ. ಎಚ್61 ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಬಂದದ್ದು 2011ರಲ್ಲಿ. ಅದರ ಸಾಕೆಟ್‌ಗೆ ಕೂರುವುದು ಇಂಟೆಲ್‌ನ 2 ಮತ್ತು 3ನೇ ಜನರೇಷನ್ ಪ್ರೊಸೆಸರ್ ಮಾತ್ರ. ಈ ಪ್ರೊಸೆಸರ್‌ಗಳ ತಯಾರಿ ನಿಂತು ವರ್ಷಗಳೇ ಆಗಿವೆ. ಹಾಗಾಗಿ ನಿಮಗೆ ಕೊಡುವ ಐ5 ಎಲ್ಲೋ ಒಂದು ಕಚೇರಿಯಲ್ಲಿ ಹತ್ತು ವರ್ಷ ದುಡಿದು ಬಂದದ್ದು. ಬೋರ್ಡಿನ ಮೇಲೆ ಹೊಸ ಪ್ಲಾಸ್ಟಿಕ್, ಹೊಸ ಡಬ್ಬಿ ಇದ್ದರೂ ಅದರ ಚಿಪ್‌ಸೆಟ್ ಹಳೆ ದಾಸ್ತಾನಿನದು, ಇಲ್ಲವೇ ಹಳೆ ಬೋರ್ಡಿನಿಂದ ಕಿತ್ತು ಮತ್ತೆ ಬೆಸುಗೆ ಹಾಕಿದ್ದು. ಮೂಲ ಎಚ್61ರಲ್ಲಿ ಯುಎಸ್‌ಬಿ 3 ಇಲ್ಲ. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳು ಹಳೆಯ 3 ಗಿಗಾಬಿಟ್‌ನವು, ಅಂದರೆ ಒಳ್ಳೆಯ ಎಸ್‌ಎಸ್‌ಡಿ (ಚಿಪ್‌ಗಳಿಂದಾದ ವೇಗದ ಡಿಸ್ಕ್) ಹಾಕಿದರೂ ಅರ್ಧ ವೇಗದಲ್ಲೇ ಓಡುತ್ತದೆ.

‘ಐ5’ ಎನ್ನುವುದು ದರ್ಜೆಯ ಹೆಸರು, ಆಯಾ ವರ್ಷದ ಪ್ರೊಸೆಸರ್‌ಗಳ ನಡುವೆ ಮಾತ್ರ ಅದಕ್ಕೆ ಬೆಲೆ. 2012ರ ಐ5 3470ರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 4 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರ ಐ3 12100ರಲ್ಲಿ 4 ಕೋರ್, 8 ಥ್ರೆಡ್. ಒಟ್ಟು ಕೆಲಸದಲ್ಲಿ ಈ ಐ3 ಆ ಐ5ನ ಎರಡು ಪಟ್ಟಿಗಿಂತ ಹೆಚ್ಚು ಚುರುಕು, ವಿದ್ಯುತ್ತೂ ಕಡಿಮೆ ಸಾಕು. ಕೊಟೇಶನ್‌ನಲ್ಲಿ ಬರೀ ‘ಐ3’, ‘ಐ5’ ಎಂದಿದ್ದರೆ ಪೂರ್ತಿ ಸಂಖ್ಯೆ ಬರೆಸಿಕೊಳ್ಳಿ. ಐದಂಕಿಯಿದ್ದರೆ ಮೊದಲ ಎರಡು ಅಂಕಿ ಜನರೇಷನ್ ಹೇಳುತ್ತವೆ, ನಾಲ್ಕಂಕಿಯಿದ್ದರೆ ಮೊದಲನೆಯದೊಂದೇ. 12100 ಅಂದರೆ 12ನೇದು, 3470 ಅಂದರೆ 3ನೇದು.

ತೆರಿಗೆ ಕಚೇರಿಗೆ ಇನ್ನೂ ದೊಡ್ಡ ಕಾರಣವೊಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ 8ನೇ ಜನರೇಷನ್‌ನಿಂದ ಮೇಲಿನದನ್ನು, ಜೊತೆಗೆ ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ ಬೇಕು. ಅಡ್ಡದಾರಿಯಲ್ಲಿ ಹಳೆ ಬೋರ್ಡಿಗೂ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಅದು ನಿಂತರೆ ಕೇಳುವವರು ಯಾರೂ ಇಲ್ಲ. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ ಇಟ್ಟುಕೊಂಡ ಯಂತ್ರದಲ್ಲಿ ಇಂಥ ಸಾಹಸ ಮಾಡಬಾರದು.

ನಿಮ್ಮ ಕೆಲಸಕ್ಕೆ ಸಾಕಾಗುವ ಜೋಡಣೆ ಹೀಗೆ: ಐ3 12100 ಅಥವಾ ಅದೇ ಸಾಕೆಟ್‌ನ 13100, 14100, ಮೂರೂ 4 ಕೋರ್‌ನವೇ, ಯಾವುದು ಅಗ್ಗಕ್ಕೆ ಸಿಗುತ್ತೋ ಅದು. ಹೆಸರಿರುವ ಕಂಪನಿಯ ಎಚ್610 ಬೋರ್ಡ್. 8 ಜಿಬಿಯ ಎರಡು ರ‍್ಯಾಮ್. 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿನ ಎಂ.2 ಸ್ಲಾಟ್‌ಗೇ ಕೂರುವ ಇನ್ನೂ ವೇಗದ ಬಗೆ). ಹಣ ಉಳಿಸಲೇಬೇಕಾದರೆ ಈಗ 8 ಜಿಬಿಯ ಒಂದೇ ರ‍್ಯಾಮ್ ಹಾಕಿಸಿ, ಎರಡನೇ ಸ್ಲಾಟ್ ಖಾಲಿ ಬಿಡಿ. ಎಚ್610ರಲ್ಲಿ ಇರುವುದೇ ಎರಡು ಸ್ಲಾಟ್. 4 ಜಿಬಿಯ ಎರಡು ತುಂಡು ಹಾಕಿಸಿಬಿಟ್ಟರೆ ಮುಂದೆ ಹೆಚ್ಚಿಸುವಾಗ ಎರಡನ್ನೂ ಬಿಸಾಡಬೇಕಾಗುತ್ತದೆ. ಇದಕ್ಕಿಂತ ಮೇಲ್ದರ್ಜೆಯ ಬಿ760 ಬೋರ್ಡಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ನಿಮಗಿಲ್ಲ.

ಎಚ್610 ಬೋರ್ಡುಗಳಲ್ಲಿ ಡಿಡಿಆರ್4 ರ‍್ಯಾಮ್‌ನವೂ ಇವೆ, ಡಿಡಿಆರ್5ನವೂ ಇವೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ರ‍್ಯಾಮ್ ಬೆಲೆ ಏರಿಳಿಯುತ್ತಲೇ ಇರುವುದರಿಂದ ಬೋರ್ಡ್ ಮತ್ತು ರ‍್ಯಾಮ್ ಎರಡರ ಬೆಲೆ ಕೂಡಿಸಿ ನೋಡಿ ಆರಿಸಿ.

ಕೊನೆಗೆ ಬೋರ್ಡಿನ ಹಿಂಭಾಗ ನೋಡಿ. ಕೀಬೋರ್ಡ್, ಮೌಸ್, ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಟೋಕನ್ ಇನ್ನೊಬ್ಬರದೂ ಇದ್ದರೆ ಮತ್ತೊಂದು: ಅಲ್ಲಿಗೆ ಆರು ಯುಎಸ್‌ಬಿ ಮುಗಿಯಿತು. ತೀರಾ ಅಗ್ಗದ ಬೋರ್ಡಿನಲ್ಲಿ ಹಿಂದೆ ನಾಲ್ಕೇ ಇರುತ್ತವೆ. ಮಾನಿಟರ್ ಹಳೆಯದಾಗಿ ವಿಜಿಎ ಮಾತ್ರ ಇದ್ದರೆ, ವಿಜಿಎ ಮತ್ತು ಎಚ್‌ಡಿಎಂಐ ಎರಡೂ ಇರುವ ಬೋರ್ಡ್ ಕೇಳಿ. ನಾಳೆ ಎರಡನೇ ಮಾನಿಟರ್ ಇಟ್ಟು ಒಂದರಲ್ಲಿ ಪೋರ್ಟಲ್, ಇನ್ನೊಂದರಲ್ಲಿ ಎಕ್ಸೆಲ್ ತೆರೆಯಬಹುದು. ತೆರಿಗೆ ಕೆಲಸದಲ್ಲಿ ಐ3ರಿಂದ ಐ5ಗೆ ಹೋಗುವುದಕ್ಕಿಂತ ಇದರಿಂದಲೇ ಹೆಚ್ಚು ಸಮಯ ಉಳಿಯುತ್ತದೆ.

ಪ್ರಶ್ನೆ: ಐ3 12100ಎಫ್, ಎಚ್610 ಬೋರ್ಡ್ ತಂದು ಜೋಡಿಸಿದೆವು. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಬರುತ್ತಿಲ್ಲ. ಮಾನಿಟರ್, ಕೇಬಲ್, ರ‍್ಯಾಮ್ ಎಲ್ಲ ಬದಲಿಸಿ ನೋಡಿದ್ದಾಯಿತು. ಬೋರ್ಡ್ ಕೆಟ್ಟಿದೆಯೇ? (ಹುಬ್ಬಳ್ಳಿ)

ಉತ್ತರ: ಬೋರ್ಡ್ ಚೆನ್ನಾಗಿಯೇ ಇದೆ. ಸಂಖ್ಯೆಯ ಕೊನೆಯ ‘ಎಫ್’ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಎಫ್ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೋರ್ಡಿನ ಎಚ್‌ಡಿಎಂಐ, ವಿಜಿಎ ಕಿಂಡಿಗಳು ಪ್ರೊಸೆಸರ್‌ನ ಗ್ರಾಫಿಕ್ಸನ್ನು ಹೊರಗೆ ತರುವ ದಾರಿ ಮಾತ್ರ. ಒಳಗೇ ಇಲ್ಲದ್ದು ಹೊರಗೆ ಹೇಗೆ ಬಂದೀತು? ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಗೇಮ್ ಕಂಪ್ಯೂಟರ್‌ಗಳಿಗೆಂದು ಎಫ್ ಮಾಡುತ್ತಾರೆ, ಸ್ವಲ್ಪ ಅಗ್ಗವೂ ಹೌದು. ಆದರೆ ಉಳಿದ ಹಣಕ್ಕೆ ಕಾರ್ಡ್ ಬರುವುದಿಲ್ಲ. ಪ್ರೊಸೆಸರ್ ಹಿಂದಿರುಗಿಸಿ ಎಫ್ ಇಲ್ಲದ 12100 ಕೇಳಿ. ಅಂಗಡಿಯವರು ಹಿಂದಕ್ಕೆ ಪಡೆಯದಿದ್ದರೆ ಯಾರ ಬಳಿಯಾದರೂ ಇರುವ ಹಳೆಯ ಚಿಕ್ಕ ಕಾರ್ಡ್ ಸಾಕು. ಅದಕ್ಕಾಗಿ ಹೊಸ ಕಾರ್ಡ್ ಕೊಳ್ಳಬೇಡಿ. ಹಳೆ ಕಾರ್ಡ್ ಯುಇಎಫ್‌ಐ ಬೂಟ್‌ಗೆ (ಕಂಪ್ಯೂಟರ್ ಶುರುವಾಗುವ ಹೊಸ ವಿಧಾನ) ಹೊಂದುವುದೇ ಎಂದು ಹಾಕಿ ನೋಡಿಯೇ ಹಣ ಕೊಡಿ.

ಇದೇ ಲಕ್ಷಣ ಬರುವ ಇನ್ನೊಂದು ಸಂದರ್ಭವಿದೆ. ಎಚ್610 ಬೋರ್ಡುಗಳು 12ನೇ ಜನರೇಷನ್ ಜೊತೆ ಬಂದವು. ಹಳೆ ದಾಸ್ತಾನಿನ ಬೋರ್ಡಿಗೆ 13100 ಅಥವಾ 14100 ಹಾಕಿದರೆ ಬಯಾಸ್ (ಬೋರ್ಡಿನೊಳಗೇ ಇರುವ ಆರಂಭದ ತಂತ್ರಾಂಶ) ಅದನ್ನು ಗುರುತಿಸದೆ ಕತ್ತಲೆಯಲ್ಲೇ ಕೂರುತ್ತದೆ. ಪ್ರೊಸೆಸರ್ ಇಲ್ಲದೆಯೇ ಬಯಾಸ್ ಬದಲಿಸುವ ಗುಂಡಿ ದುಬಾರಿ ಬೋರ್ಡುಗಳಲ್ಲಿ ಸಾಮಾನ್ಯ, ಅಗ್ಗದವುಗಳಲ್ಲಿ ಅಪರೂಪ. ಅಂಗಡಿಯಲ್ಲೇ ಹೊಸ ಬಯಾಸ್ ಹಾಕಿಸಿ, ಡಿಸ್‌ಪ್ಲೇ ನೋಡಿಕೊಂಡು ತರುವುದೇ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ತರಿಸಿಕೊಳ್ಳುವ ಊರಿನವರು ಇದನ್ನು ಮರೆಯಬಾರದು. ಒಂದು ಬಯಾಸ್‌ಗಾಗಿ ಬೋರ್ಡ್ ಮತ್ತೆ ಬೆಂಗಳೂರಿಗೆ ಹೋಗಿ ಬರಬೇಕಾಗುತ್ತದೆ.

ಪ್ರಶ್ನೆ: ಎಎಂಡಿ ರೈಜನ್ ಅಗ್ಗ ಎನ್ನುತ್ತಾರೆ. ಆಫೀಸಿಗೆ ಆಗುತ್ತದೆಯೇ? ನಮ್ಮಲ್ಲಿರುವ ಒಂದು ಯಂತ್ರದಲ್ಲಿ 8 ಜಿಬಿ ರ‍್ಯಾಮ್ ಹಾಕಿದ್ದರೂ ‘5.9 ಜಿಬಿ ಮಾತ್ರ ಬಳಸಬಹುದು’ ಎಂದು ತೋರಿಸುತ್ತದೆ. (ದಾವಣಗೆರೆ)

ಉತ್ತರ: ಖಂಡಿತ ಆಗುತ್ತದೆ. ರೈಜನ್ 5 5600ಜಿ, 6 ಕೋರ್, 12 ಥ್ರೆಡ್, ಎ520 ಬೋರ್ಡಿನ ಜೊತೆ ಗಟ್ಟಿ ಜೋಡಿ. ಇಲ್ಲಿ ಅಕ್ಷರದ ಲೆಕ್ಕ ತಿರುಗುಮುರುಗು: ಎಎಂ4 ಸಾಕೆಟ್‌ನಲ್ಲಿ ‘ಜಿ’ ಇದ್ದರೆ ಗ್ರಾಫಿಕ್ಸ್ ಇದೆ, ಇಲ್ಲದಿದ್ದರೆ ಇಲ್ಲ. 5500, 5600 ಎಂದು ಬರಿಯ ಸಂಖ್ಯೆ ಕಂಡರೆ ಆಫೀಸಿಗೆ ಬೇಡ. ಹೊಸ ಎಎಂ5 ಸಾಕೆಟ್‌ನ 7000 ಸರಣಿಯಲ್ಲಿ ಎಫ್ ಇರುವವನ್ನು ಬಿಟ್ಟು ಉಳಿದವುಗಳಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇದ್ದೇ ಇದೆ, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ರೈಜನ್ 3 2200ಜಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೂ ಬಿಡಿ, ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ. ಎಎಂ4 ಸಾಕೆಟ್ ಒಂದೇ ಆದರೂ ಎಲ್ಲ ಬೋರ್ಡ್ ಎಲ್ಲ ಪ್ರೊಸೆಸರನ್ನೂ ಒಪ್ಪುವುದಿಲ್ಲ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಪ್ರೊಸೆಸರ್ ಪಟ್ಟಿ ಇರುತ್ತದೆ, ಯಾವ ಬಯಾಸ್‌ನಿಂದ ನಡೆಯುತ್ತದೆ ಎಂಬುದೂ ಅದರಲ್ಲೇ ಇರುತ್ತದೆ.

ನಿಮ್ಮ 2 ಜಿಬಿ ಎಲ್ಲೂ ಕಳೆದಿಲ್ಲ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮ್‌ನಿಂದಲೇ ಪಾಲು ತೆಗೆದಿಡುತ್ತದೆ. ಬಯಾಸ್‌ನಲ್ಲಿ ‘ಯುಎಂಎ ಫ್ರೇಮ್ ಬಫರ್’ ಎಂಬುದನ್ನು ಹುಡುಕಿ, 2 ಜಿಬಿಯಿಂದ 512 ಎಂಬಿಗೆ ಇಳಿಸಿ. ಇನ್ನೊಂದು 8 ಜಿಬಿ ಹಾಕಿದರೆ ಇನ್ನೂ ಒಳ್ಳೆಯದು: ಎರಡು ರ‍್ಯಾಮ್ ಇದ್ದಾಗ ಎರಡು ದಾರಿಯಲ್ಲಿ ಡೇಟಾ ಹರಿದು ಗ್ರಾಫಿಕ್ಸ್ ಚುರುಕಾಗುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಿ.

ಪ್ರಶ್ನೆ: ನಾಲ್ಕು ವರ್ಷ ಹಳೆಯ ಐ3 10100 ಕಂಪ್ಯೂಟರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಆನ್ ಆಗಲು ಐದು ನಿಮಿಷ. ಬೋರ್ಡ್, ಪ್ರೊಸೆಸರ್ ಬದಲಿಸಬೇಕೇ? (ಮಂಡ್ಯ)

ಉತ್ತರ: ಎರಡನ್ನೂ ಮುಟ್ಟಬೇಡಿ. ಎಸ್‌ಎಸ್‌ಡಿ ಹಾಕಿ ವಿಂಡೋಸ್ ಅದರ ಮೇಲೆ ಇರಲಿ, ರ‍್ಯಾಮ್‌ಗೆ 8 ಜಿಬಿ ಸೇರಿಸಿ, ಹಾರ್ಡ್‌ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಇನ್ನೈದು ವರ್ಷ ನಡೆಯುವ ಯಂತ್ರ ಅದು.

ಪ್ರಶ್ನೆ: ಅಕ್ಕಿ ಗಿರಣಿಯ ವೇ ಬ್ರಿಡ್ಜ್‌ಗೆ ಹೊಸ ಕಂಪ್ಯೂಟರ್ ಬೇಕು. ತೂಕದ ಇಂಡಿಕೇಟರ್‌ನಿಂದ 9 ಪಿನ್ನಿನ ಕೇಬಲ್ ಬರುತ್ತದೆ. ಚೀಟಿ ಹೊಡೆಯಲು ದಪ್ಪ 25 ಪಿನ್ ಕೇಬಲ್‌ನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಹೊಸ ಬೋರ್ಡುಗಳಲ್ಲಿ ಈ ಎರಡೂ ಕಿಂಡಿ ಕಾಣುತ್ತಿಲ್ಲ. (ಗಂಗಾವತಿ)

ಉತ್ತರ: ಹಿಂಭಾಗದಲ್ಲಿ ಕಾಣದಿದ್ದರೂ 9 ಪಿನ್ನಿನ ಸೀರಿಯಲ್ ಪೋರ್ಟ್ ಬೋರ್ಡಿನ ಒಳಗೆ ಇರಬಹುದು. ಹಲವು ಎಚ್610 ಬೋರ್ಡುಗಳ ಕೆಳ ಅಂಚಿನಲ್ಲಿ ‘ಕಾಮ್’ ಎಂದು ಬರೆದ, ಎರಡು ಸಾಲಿನಲ್ಲಿ ಒಂಬತ್ತು ಮುಳ್ಳಿರುವ ಹೆಡರ್ ಇರುತ್ತದೆ. ಹತ್ತನೇ ಮುಳ್ಳಿನ ಜಾಗ ಖಾಲಿ. ಅದಕ್ಕೆ ಸಿಕ್ಕಿಸುವ ಪಟ್ಟಿ ಕೇಬಲ್, ಕ್ಯಾಬಿನೆಟ್ ಹಿಂದೆ ಸ್ಕ್ರೂ ಮಾಡುವ ಬ್ರಾಕೆಟ್ ಸಮೇತ ಸಿಗುತ್ತದೆ. ನಿಮ್ಮ ಕೆಲಸಕ್ಕೆ ಬೋರ್ಡ್ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಪ್ರೊಸೆಸರ್ ಯಾವುದಾದರೂ ಆದೀತು, ತೂಕ ಓದುವುದಕ್ಕೆ ಬಲ ಬೇಕಿಲ್ಲ.

ಈ ಬ್ರಾಕೆಟ್ ಕೇಬಲ್‌ಗಳಲ್ಲಿ ಎರಡು ಬಗೆಯ ವೈರಿಂಗ್ ಇದೆ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ತಪ್ಪಿದ್ದು ಹಾಕಿದರೆ ವಿಂಡೋಸ್‌ನಲ್ಲಿ ಕಾಮ್1 ಚೆನ್ನಾಗಿಯೇ ಕಾಣುತ್ತದೆ, ತೂಕ ಮಾತ್ರ ಬರುವುದಿಲ್ಲ. ಜನ ಇಂಡಿಕೇಟರ್ ಕೆಟ್ಟಿದೆ ಎಂದು ತಿಳಿದು ಅದನ್ನು ಬಿಚ್ಚಲು ಹೋಗುತ್ತಾರೆ. ಬೋರ್ಡಿನ ಕೈಪಿಡಿಯಲ್ಲಿ ಪಿನ್ ಚಿತ್ರ ಇರುತ್ತದೆ, ಮಲ್ಟಿಮೀಟರ್‌ನ ಬೀಪ್‌ನಲ್ಲಿಟ್ಟು ತಾಳೆ ನೋಡಿ. 9 ಪಿನ್ ಕನೆಕ್ಟರ್‌ನಲ್ಲಿ 2 ಡೇಟಾ ಬರುವುದು, 3 ಹೋಗುವುದು, 5 ಗ್ರೌಂಡ್. ಈ ಮೂರು ಸರಿಯಿದ್ದರೆ ಹೆಚ್ಚಿನ ಇಂಡಿಕೇಟರ್‌ಗಳಿಗೆ ಸಾಕು. ತೂಕದ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೈರ್ ಸರಿಯಿದೆ, ವೇಗ ಹೊಂದಿಲ್ಲ ಎಂದರ್ಥ. ಇಂಡಿಕೇಟರ್‌ನಲ್ಲಿರುವ 2400, 4800 ಅಥವಾ 9600 ಸಂಖ್ಯೆಯನ್ನೇ ಸಾಫ್ಟ್‌ವೇರ್‌ನಲ್ಲೂ ಕೊಡಿ.

ಹೆಡರ್ ಇಲ್ಲದಿದ್ದರೆ ಯುಎಸ್‌ಬಿ ಪರಿವರ್ತಕ. ಅದರಲ್ಲಿ ಎರಡು ತೊಂದರೆ. ಪಿಎಲ್2303 ಎಂಬ ಚಿಪ್‌ನ ನಕಲಿಗಳೂ ತೀರಾ ಹಳೆಯವೂ ವಿಂಡೋಸ್ 11ರ ಹೊಸ ಡ್ರೈವರ್‌ನಲ್ಲಿ ಕೆಲಸ ಮಾಡುವುದಿಲ್ಲ, ಎಫ್‌ಟಿಡಿಐ ಚಿಪ್‌ನದ್ದು ಕೇಳಿ. ಎರಡನೆಯದು, ಗುಡಿಸುವಾಗ ಕಿತ್ತು ಬೇರೆ ಕಿಂಡಿಗೆ ಹಾಕಿದರೆ ಕಾಮ್3 ಇದ್ದದ್ದು ಕಾಮ್5 ಆಗಿಬಿಡಬಹುದು, ಲಾರಿ ಸಾಲಿನಲ್ಲಿ ನಿಂತಿರುವಾಗ ತೂಕ ಬಾರದು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟ್‌ನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಸಂಖ್ಯೆಯನ್ನು ಮರಳಿ ಬದಲಿಸಬಹುದು. ಕಿಂಡಿಯ ಪಕ್ಕ ಬಣ್ಣದ ಗುರುತು ಹಾಕಿಟ್ಟರೆ ಅದೂ ಬೇಕಾಗುವುದಿಲ್ಲ.

ಪ್ರಿಂಟರ್‌ನ ಹಿಂದೆ ಯುಎಸ್‌ಬಿ ಕಿಂಡಿಯೂ ಇದೆಯೇ ನೋಡಿ, ಎಷ್ಟೋ ಡಾಟ್ ಮ್ಯಾಟ್ರಿಕ್ಸ್‌ಗಳಲ್ಲಿ ಎರಡೂ ಇರುತ್ತವೆ. ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ, 25 ಪಿನ್ ಕಿಂಡಿಯ ಪ್ಯಾರಲಲ್ ಕಾರ್ಡ್ ತರಿಸಿ. ಹಾಗಾಗಿ ಬೋರ್ಡಿನಲ್ಲಿ ಒಂದಾದರೂ ಚಿಕ್ಕ ಎಕ್ಸ್‌1 ಸ್ಲಾಟ್ ಇರಲಿ. ಚೀಟಿಯ ಸಾಫ್ಟ್‌ವೇರ್ ಹಳೆಯ ಡಾಸ್ ಕಾಲದ್ದಾದರೆ ಬೋರ್ಡ್ ಕೊಳ್ಳುವ ಮೊದಲೇ ಅದನ್ನು ಬರೆದವರನ್ನು ವಿಚಾರಿಸಿ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, 16 ಬಿಟ್ ಪ್ರೋಗ್ರಾಂಗಳನ್ನು ಅದು ತೆರೆಯುವುದೇ ಇಲ್ಲ. ಎಷ್ಟು ಒಳ್ಳೆಯ ಪ್ರೊಸೆಸರ್ ತಂದರೂ ಇದು ಬದಲಾಗದು.

ಪ್ರಶ್ನೆ: ಮೂರು ವರ್ಷದಲ್ಲಿ ಎರಡು ಬೋರ್ಡ್ ಸಿಡಿಲಿಗೆ ಹೋದವು. ಯುಪಿಎಸ್ ಇದೆ, ಮಳೆ ಬಂದಾಗ ಮೇನ್ ಸ್ವಿಚ್ ಆರಿಸುತ್ತೇವೆ. ಯಾವ ಕಂಪನಿಯ ಬೋರ್ಡ್ ತಡೆಯುತ್ತದೆ? (ಸುಳ್ಯ)

ಉತ್ತರ: ಯಾವ ಕಂಪನಿಯದೂ ತಡೆಯುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮುಂಗಾರಿಗೆ ಮೊದಲು ಮತ್ತು ತುಲಾ ಮಾಸದ ಸಿಡಿಲಿಗೆ ಬೋರ್ಡ್ ಹೋಗುವುದು ಹೆಚ್ಚಾಗಿ ಲ್ಯಾನ್ ಕೇಬಲ್ ಮೂಲಕ. ಕರೆಂಟ್ ಕಡೆ ಸ್ವಿಚ್ ಆರಿಸಿದ್ದೀರಿ, ಮೋಡೆಮ್‌ನಿಂದ ಬರುವ ತಾಮ್ರದ ತಂತಿ ಹಾಗೇ ಸಿಕ್ಕಿಕೊಂಡಿದೆ. ಸುಟ್ಟ ಬೋರ್ಡನ್ನು ನೋಡಿ: ಲ್ಯಾನ್ ಕಿಂಡಿಯ ಹಿಂದಿನ ಚಿಕ್ಕ ಚಿಪ್ ಕಪ್ಪಾಗಿದ್ದರೆ ಅಥವಾ ಉಬ್ಬಿದ್ದರೆ ದಾರಿ ಅದೇ. ಸ್ವಿಚ್ ಆರಿಸುವುದು ಸಾಲದು, ಗುಡುಗು ಶುರುವಾಗುವ ಮೊದಲೇ ಪವರ್ ಪ್ಲಗ್ ಮತ್ತು ಲ್ಯಾನ್ ಎರಡನ್ನೂ ಕಿತ್ತು ದೂರ ಇಡಿ. ಗುಡುಗು ಆಗಲೇ ಕೇಳಿಸುತ್ತಿದ್ದರೆ ಕೇಬಲ್ ಮುಟ್ಟಬೇಡಿ, ಬೋರ್ಡ್ ಹೋದರೆ ಹೋಗಲಿ. ಮನೆಯಿಂದ ಆಫೀಸಿಗೆ ಹೊರಗಡೆ ಲ್ಯಾನ್ ಕೇಬಲ್ ಎಳೆದಿದ್ದರೆ ಅದನ್ನು ತೆಗೆದು ಲೋಹದ ತಂತಿಯಿಲ್ಲದ ಫೈಬರ್ ಎಳೆಸಿ, ಎರಡು ತುದಿಗೆ ಫೈಬರನ್ನು ಲ್ಯಾನ್ ಕಿಂಡಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು.

ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಪವರ್ ಸಪ್ಲೈ) ಒಳಗಿನ ಫಿಲ್ಟರ್‌ನ ಸಣ್ಣ ಕರೆಂಟ್ ಭೂಮಿಗೆ ಇಳಿಯಲು ದಾರಿಯಿಲ್ಲದೆ ಡಬ್ಬದಲ್ಲೇ ಉಳಿದಿರುತ್ತದೆ. ಅರ್ಥಿಂಗ್ ಇಲ್ಲದ ಕಡೆ ಸರ್ಜ್ ಪ್ರೊಟೆಕ್ಟರ್‌ಗೆ ಕೊಟ್ಟ ಹಣದ ಬಹುಪಾಲು ದಂಡ.

ಪ್ರಶ್ನೆ: ದಿನಾ ಬೆಳಿಗ್ಗೆ ಕಂಪ್ಯೂಟರ್‌ನ ತಾರೀಖು ಹಿಂದೆ ಹೋಗಿರುತ್ತದೆ. ಬ್ಯಾಂಕ್, ಜಿಎಸ್‌ಟಿ ಸೈಟ್ ತೆರೆಯುವುದಿಲ್ಲ. ಬೋರ್ಡ್ ಬದಲಿಸಲು ಹೇಳುತ್ತಿದ್ದಾರೆ. (ಚಾಮರಾಜನಗರ)

ಉತ್ತರ: ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ, 2.7ಕ್ಕಿಂತ ಕೆಳಗಿದ್ದರೆ ಅದರ ಕಾಲ ಮುಗಿಯಿತು. ಸುರಕ್ಷಿತ ಸೈಟ್‌ಗಳ ಪ್ರಮಾಣಪತ್ರಕ್ಕೆ ಇಂತಿಷ್ಟು ದಿನಾಂಕದ ಅವಧಿ ಇರುತ್ತದೆ. ನಿಮ್ಮ ಗಡಿಯಾರ ಅದಕ್ಕೆ ಹೊರಗಿದ್ದರೆ ಬ್ರೌಸರ್ ಬಾಗಿಲು ಹಾಕುತ್ತದೆ. ಬ್ಯಾಟರಿ ಹಾಕಿದ ಮೇಲೆ ಬಯಾಸ್‌ನಲ್ಲಿ ಸಮಯವನ್ನೂ, ಟಿಪಿಎಂ ಆನ್ ಇರುವುದನ್ನೂ ನೋಡಿ.

ಪ್ರಶ್ನೆ: ಬೋರ್ಡ್, ಪ್ರೊಸೆಸರ್ ಹೊಸದು ಹಾಕಿ ಹಳೆಯ ಡಿಸ್ಕನ್ನೇ ಜೋಡಿಸಿದರೆ ಬೂಟ್ ಆಗುತ್ತಿಲ್ಲ. ಅದೇ ಡಿಸ್ಕ್ ಹಳೆ ಬೋರ್ಡಿನಲ್ಲಿ ಚೆನ್ನಾಗಿದೆ. (ಗದಗ)

ಉತ್ತರ: ಹಳೆಯ ವಿಂಡೋಸನ್ನು ಲೆಗಸಿ ಎಂಬ ಹಳೆ ಬೂಟ್ ವಿಧಾನದಲ್ಲಿ, ಎಂಬಿಆರ್ ಎಂಬ ಹಳೆ ರೀತಿಯಲ್ಲಿ ವಿಭಾಗಿಸಿದ ಡಿಸ್ಕಿನ ಮೇಲೆ ಹಾಕಿದ್ದಾರೆ. ಒಳಗಿನ ಗ್ರಾಫಿಕ್ಸ್‌ನಿಂದಲೇ ಓಡುವ ಹೊಸ ಇಂಟೆಲ್ ಬೋರ್ಡುಗಳು ಯುಇಎಫ್‌ಐ ಬೂಟ್ ಮಾತ್ರ ಮಾಡುತ್ತವೆ. ಡಿಸ್ಕನ್ನು ಮತ್ತೆ ಹಳೆ ಬೋರ್ಡಿಗೆ ಹಾಕಿ, ಮೊದಲು ಎಲ್ಲ ಕಡತಗಳ ಬ್ಯಾಕಪ್ ತೆಗೆಯಿರಿ. ವಿಂಡೋಸ್ 10ರಲ್ಲೇ ಬರುವ ಎಂಬಿಆರ್‌ಟುಜಿಪಿಟಿ ಎಂಬ ಸಾಧನ ಡೇಟಾ ಅಳಿಸದೆ ಡಿಸ್ಕನ್ನು ಯುಇಎಫ್‌ಐ ಕೇಳುವ ಜಿಪಿಟಿ ರೀತಿಗೆ ತಿರುಗಿಸುತ್ತದೆ. ಆದರೂ ನಮ್ಮ ಸಲಹೆ, ಹೊಸ ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕಿ ಟ್ಯಾಲಿ ಡೇಟಾ ಮಾತ್ರ ಸಾಗಿಸಿ. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಹಳೆ ಬೋರ್ಡಿಗೇ ಅಂಟಿದ್ದು, ಹೊಸ ಬೋರ್ಡಿಗೆ ಬರುವುದಿಲ್ಲ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಬರುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಬೋರ್ಡ್ ಬದಲಿಸುವ ಮೊದಲೇ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಟಿಪಿಎಂ ಬದಲಾದ ಕೂಡಲೇ ವಿಂಡೋಸ್ ಅದನ್ನು ಕೇಳುತ್ತದೆ, ಕೀ ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ.

ಪ್ರಶ್ನೆ: ಪ್ರೊಸೆಸರನ್ನು ನಾವೇ ಕೂರಿಸಬಹುದೇ? ಏನು ಜಾಗ್ರತೆ ಬೇಕು? (ಶಿರಸಿ, ಹಾಸನ)

ಉತ್ತರ: ನಿಧಾನವಾಗಿ ಮಾಡಿದರೆ ಖಂಡಿತ ಆಗುತ್ತದೆ. ಇಂಟೆಲ್ ಬೋರ್ಡಿನಲ್ಲಿ ಪಿನ್‌ಗಳು ಸಾಕೆಟ್‌ನಲ್ಲೇ ಇವೆ, 12ರಿಂದ 14ನೇ ಜನರೇಷನ್ ಕೂರುವ ಎಲ್‌ಜಿಎ1700 ಸಾಕೆಟ್‌ನಲ್ಲಿ ಹೆಸರೇ ಹೇಳುವಂತೆ 1700. ಕೂದಲಿನಷ್ಟು ತೆಳ್ಳಗಿನ ಅವುಗಳಿಗೆ ಬೆರಳಾಗಲಿ ಬಟ್ಟೆಯ ತುದಿಯಾಗಲಿ ತಾಕಬಾರದು. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ನೇರ ಕೆಳಗಿಳಿಸಿ ಬಿಡಿ. ಒತ್ತಬೇಡಿ, ಜಾರಿಸಬೇಡಿ. ಸನ್ನೆ ಮುಚ್ಚುವಾಗ ಸಾಕಷ್ಟು ಬಲ ಬೇಕಾಗುತ್ತದೆ, ಕಿರ್ ಎಂಬ ಸದ್ದೂ ಬರುತ್ತದೆ, ಗಾಬರಿ ಬೇಡ. ಹಳೆಯ ಕೂಲರ್ ಇದಕ್ಕೆ ಕೂರದು: ಹಿಂದಿನ ಎಲ್‌ಜಿಎ1200ರ ತೂತುಗಳ ಅಂತರ 75 ಮಿ.ಮೀ., ಇದರದ್ದು 78. ಆದ್ದರಿಂದ ಫ್ಯಾನ್ ಸಮೇತ ಬರುವ ಬಾಕ್ಸ್ ಪ್ರೊಸೆಸರೇ ಕೊಳ್ಳಿ, ಅದಕ್ಕೆ ಕಂಪನಿಯ 3 ವರ್ಷದ ವಾರಂಟಿಯೂ ಇದೆ. ಫ್ಯಾನ್‌ನ ನಾಲ್ಕು ಕಾಲುಗಳನ್ನು ಎದುರುಬದುರಾಗಿ ಒತ್ತಿ, ಬೋರ್ಡನ್ನು ತಿರುಗಿಸಿ ನಾಲ್ಕೂ ಹಿಂದೆ ಪೂರ್ತಿ ಹೊರಬಂದಿವೆಯೇ ನೋಡಿ. ಒಂದು ಕಾಲು ಕೂರದಿದ್ದರೂ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ನೀವು ‘ಹೊಸ ಕಂಪ್ಯೂಟರ್ ಸ್ಲೋ’ ಎಂದು ಪತ್ರ ಬರೆಯುತ್ತೀರಿ.

ಎಎಂಡಿಯ ಎಎಂ4ನಲ್ಲಿ ಪಿನ್ ಪ್ರೊಸೆಸರ್‌ನ ಅಡಿಯಲ್ಲಿವೆ. ಅಲ್ಲಿ ಅಪಾಯ ಬಿಚ್ಚುವಾಗ. ಕೂಲರ್ ಮತ್ತು ಪ್ರೊಸೆಸರ್ ನಡುವಿನ ಪೇಸ್ಟ್ ಒಣಗಿ ಅಂಟಿದ್ದರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ ಬಾಗುತ್ತದೆ. ಹತ್ತು ನಿಮಿಷ ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಬಿಸಿಯಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಸಡಿಲಿಸಿ, ಆಮೇಲೆ ಎತ್ತಿ.

ಎಂ.2 ಎಸ್‌ಎಸ್‌ಡಿಯ ಕಡಲೆಕಾಳಿಗಿಂತ ಚಿಕ್ಕ ಸ್ಕ್ರೂ ಬೋರ್ಡಿನ ಡಬ್ಬಿಯ ಪುಟ್ಟ ಚೀಲದಲ್ಲಿರುತ್ತದೆ. ಡಬ್ಬಿ ಬಿಸಾಡುವ ಮುನ್ನ ಅದನ್ನು ಹುಡುಕಿ ತೆಗೆಯಿರಿ. ಇಂಟೆಲ್ ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನೂ ಬಿಲ್ಲಿನ ಜೊತೆಗೇ ಇಟ್ಟಿರಿ. ವಾರಂಟಿಗೆ ಬೋರ್ಡ್ ಕಳಿಸುವಾಗ ಆ ಮುಚ್ಚಳ ಹಾಕಿರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಪಿನ್ ಬಾಗಿದರೂ ಹೊಣೆ ನಿಮ್ಮದಾಗುತ್ತದೆ.